ಅಳತೆಗೋಲನ್ನು ಅಳೆಯುವವರು ಯಾರು?

ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಮನೆಯಲ್ಲಿ ತಾಯಂದಿರು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಪಾತ್ರೆಯ ಅನ್ನವನ್ನೆಲ್ಲ ಹಿಸುಕಬೇಕಾದ ಪ್ರಮೇಯ ಬರುವುದಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ, ಅದರ ನಾದವನ್ನು ಕೇಳಿ, ಬಿರುಕಿದೆಯೇ ಇಲ್ಲವೇ ಎಂದು ನಿರ್ಧರಿಸುತ್ತಾರೆ. ಲೋಕದ ವಸ್ತುಗಳಲ್ಲಿ ಬಹುಪಾಲನ್ನು ಹೀಗೆ ಸುಲಭವಾಗಿ, ಯಾರಿಗೂ ನೋವಾಗದಂತೆ ಪರೀಕ್ಷಿಸಬಹುದು. ಆದರೆ ಬಂದೂಕಿನ ಗುಂಡನ್ನು ಪರೀಕ್ಷಿಸುವ ಬಗೆ ಯಾವುದು? ಅದು ದೇಹದೊಳಗೆ ಎಷ್ಟು ದೂರ ಹೋಗುತ್ತದೆ, ಹೋಗುತ್ತ ಅರಳುತ್ತದೆಯೋ ಮಗುಚುತ್ತದೆಯೋ ಒಡೆಯುತ್ತದೆಯೋ ಎಂಬುದನ್ನು ತಿಳಿಯಬೇಕಾದರೆ ಯಾವ ಅಗುಳನ್ನು ಹಿಸುಕಬೇಕು?

ಈ ಪ್ರಶ್ನೆಗೆ ಪಾಶ್ಚಾತ್ಯರು ಕಂಡುಕೊಂಡಿರುವ ಉತ್ತರ ವಿಚಿತ್ರವಾದುದು. ಮಕ್ಕಳು ತಿನ್ನುವ ಜೆಲ್ಲಿಯನ್ನು ಯಾವ ವಸ್ತುವಿನಿಂದ ಮಾಡುತ್ತಾರೋ ಅದೇ ಜೆಲಟಿನ್ನನ್ನು ನೀರಿನಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ತಣ್ಣಗಾಗಿಸಿ, ಇಟ್ಟಿಗೆಯಂಥ ದೊಡ್ಡ ದಿಮ್ಮಿಯನ್ನು ಮಾಡಿ, ಅದಕ್ಕೆ ಗುಂಡು ಹಾರಿಸುವುದು. ಅನಂತರ ದಿಮ್ಮಿಯಲ್ಲಿ ಉಳಿದ ಜಾಡನ್ನು ಅಳೆಯುವುದು. ಅಮೆರಿಕದಲ್ಲಿ ಸೈನ್ಯದವರೂ ಪೊಲೀಸಿನವರೂ ಮಾತ್ರವಲ್ಲ, ಬೇಟೆಯ ಹವ್ಯಾಸವುಳ್ಳ ಸಾಮಾನ್ಯ ಗೃಹಸ್ಥರು ಸಹ ತಮ್ಮ ಅಡಿಗೆಮನೆಯಲ್ಲಿಯೇ ಇಂಥ ದಿಮ್ಮಿಗಳನ್ನು ಮಾಡಿಕೊಳ್ಳುತ್ತಾರೆ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಈ ವಿಷಯವೇತಕ್ಕೆ ಎಂದು ವಾಚಕರು ಹುಬ್ಬೇರಿಸಬಹುದು. ನನಗೆ ಬಂದೂಕಿಲ್ಲ, ಇರಬೇಕೆಂಬ ಆಸೆಯೂ ಇಲ್ಲ. ಆದರೆ ಈ ದಿಮ್ಮಿಯ ಕಥೆಯನ್ನು ಓದುತ್ತ ಹೋದಂತೆ ಇದು ಗುಂಡಿನ ಕಥೆಯಲ್ಲ, ಪ್ರಾಮಾಣಿಕತೆಯ ಕಥೆ ಎಂದು ನನಗೆ ತೋರಿತು. ಆದುದರಿಂದ ಕೆಲವು ಮಾತುಗಳನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುವ ಸಾಹಸ ಮಾಡಿದ್ದೇನೆ.

ಮೊದಲು ಸ್ವಲ್ಪ ಚರಿತ್ರೆ. ಥೈರಾಯ್ಡ್ ಗ್ರಂಥಿಯ ಮೇಲಿನ ಕಾರ್ಯಕ್ಕಾಗಿ ೧೯೦೯ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಖರ್ ಅದಕ್ಕೂ ಬಹಳ ಮೊದಲೇ ಗುಂಡಿನ ಗಾಯಗಳ ವಿಷಯದಲ್ಲಿ ಪ್ರಯೋಗ ನಡೆಸಿದ್ದನು. ನೀರು ತುಂಬಿದ ತಗಡಿನ ಡಬ್ಬ, ಸಾಬೂನು, ಜೆಲಟಿನ್ ಮೊದಲಾದ ನಿರ್ಜೀವ ವಸ್ತುಗಳಿಗೆ ಗುಂಡು ಹಾರಿಸಿ, ಗಾಯ ಹೇಗೆ ಉಂಟಾಗುತ್ತದೆಂಬುದನ್ನು ಅವನು ಊಹೆಗೆ ಬಿಡದೆ ಕಣ್ಣಿನಿಂದ ಕಾಣಲು ಯತ್ನಿಸಿದನು. ಗುಣಪಡಿಸುವವನು ಗಾಯದ ಹುಟ್ಟನ್ನು ಅರಿಯಬೇಕೆಂಬುದೇ ಅವನ ಉದ್ದೇಶವಾಗಿತ್ತು.

ಎಲ್ಲರೂ ಕೋಖರನ ದಾರಿಯನ್ನು ಹಿಡಿಯಲಿಲ್ಲ. ೧೯೦೪ರಲ್ಲಿ ಅಮೆರಿಕದ ಸೈನ್ಯ ತನ್ನ ಪಿಸ್ತೂಲಿಗೆ ಎಷ್ಟು ದಪ್ಪದ ಗುಂಡು ಬೇಕೆಂಬುದನ್ನು ನಿರ್ಣಯಿಸಲು ಥಾಮ್ಸನ್ ಮತ್ತು ಲಾಗಾರ್ಡ್ ಎಂಬ ಇಬ್ಬರು ಅಧಿಕಾರಿಗಳನ್ನು ನೇಮಿಸಿತು. ಒಬ್ಬನು ಆಯುಧಗಳನ್ನು ಬಲ್ಲವನು, ಇನ್ನೊಬ್ಬನು ವೈದ್ಯ. ಅವರು ಷಿಕಾಗೋ ನಗರದ ಕಸಾಯಿಖಾನೆಯ ದೊಡ್ಡಿಗೆ ಹೋಗಿ ಜೀವಂತ ದನಗಳಿಗೆ ಗುಂಡು ಹಾರಿಸಿ, ಅವು ಎಷ್ಟು ಹೊತ್ತಿಗೆ ಬೀಳುತ್ತವೆಂದು ಗಡಿಯಾರ ಹಿಡಿದು ನೋಡಿದರು. ಮನುಷ್ಯರ ಶವಗಳನ್ನು ತೂಗುಹಾಕಿ, ಗುಂಡು ತಗುಲಿದಾಗ ಅವು ಎಷ್ಟು ತೂಗಾಡುತ್ತವೆಂದು ಗಮನಿಸಿದರು. ಈ ಕ್ರೌರ್ಯದಿಂದ ದೊರೆತ ಜ್ಞಾನವಾದರೂ ಎಷ್ಟು? ಒಂದು ದನ ಇನ್ನೊಂದರಂತಿಲ್ಲ. ಒಂದು ಗುಂಡು ತಗುಲಿದ ಸ್ಥಳ ಇನ್ನೊಂದು ತಗುಲಿದ ಸ್ಥಳವಲ್ಲ. ಒಬ್ಬರು ನಡೆಸಿದ ಪರೀಕ್ಷೆಯನ್ನು ಇನ್ನೊಬ್ಬರು ಹಾಗೆಯೇ ಮತ್ತೊಮ್ಮೆ ನಡೆಸಿ ತಾಳೆ ನೋಡುವಂತಿಲ್ಲ. ಹಿಂಸೆಯೂ ಆಯಿತು, ನಿಖರತೆಯೂ ಸಿಕ್ಕಲಿಲ್ಲ.

ನಮ್ಮ ದೇಶಕ್ಕೆ ಸಂಬಂಧಪಟ್ಟ ಇನ್ನೊಂದು ಪ್ರಸಂಗವುಂಟು. ಕಲ್ಕತ್ತೆಯ ಬಳಿಯ ಡಂಡಂ ಎಂಬ ಊರಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ೧೮೯೦ರ ದಶಕದಲ್ಲಿ ಬ್ರಿಟಿಷರು ಒಂದು ಬಗೆಯ ಗುಂಡನ್ನು ತಯಾರಿಸಿದರು. ಗುಂಡಿನ ಮೇಲಿನ ಗಟ್ಟಿ ಲೋಹದ ಹೊದಿಕೆಯನ್ನು ತುದಿಯಲ್ಲಿ ಮಾತ್ರ ಬಿಟ್ಟು, ಒಳಗಿನ ಸೀಸ ಹೊರಗೆ ಕಾಣುವಂತೆ ಮಾಡಿದ್ದರು. ಮೈಗೆ ತಗುಲಿದೊಡನೆ ಅದು ಅರಳಿ ಗಾಯವನ್ನು ಹಿರಿದಾಗಿಸುತ್ತಿತ್ತು. ವಾಯವ್ಯ ಗಡಿನಾಡಿನ ಜನರ ಮೇಲೆ ಅದನ್ನು ಪ್ರಯೋಗಿಸಿದರು. ೧೮೯೯ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನ ದೇಹದೊಳಗೆ ಸುಲಭವಾಗಿ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು ಘೋಷಿಸಿತು. ಬ್ರಿಟನ್ ಆಗ ಒಪ್ಪದೆ, ೧೯೦೭ರಲ್ಲಿ ಒಪ್ಪಿತು.

ಈ ಘೋಷಣೆ ಮಾನವೀಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಹಿನ್ನೆಲೆಯಲ್ಲಿ ಒಂದು ಸ್ವಾರಸ್ಯವಿದೆ. ಡಂಡಂ ಗುಂಡಿನ ಭೀಕರತೆಗೆ ಸಾಕ್ಷಿಯೆಂದು ಯೂರೋಪಿನಲ್ಲಿ ಹೆಸರಾಗಿದ್ದ ಪ್ರಯೋಗಗಳು ಜರ್ಮನಿಯ ಬ್ರುನ್ಸ್ ಎಂಬ ಪ್ರಾಧ್ಯಾಪಕ ನಡೆಸಿದವು. ಅವನು ಹಾರಿಸಿದ್ದು ಡಂಡಂನಲ್ಲಿ ತಯಾರಾದ ಗುಂಡನ್ನಲ್ಲ. ಅದಕ್ಕಿಂತ ಹೆಚ್ಚು ಸೀಸ ಹೊರಕ್ಕೆ ಚಾಚಿದ್ದ ಬೇಟೆಯ ಗುಂಡನ್ನು. ಬ್ರಿಟಿಷ್ ಪ್ರತಿನಿಧಿ ಇದನ್ನೇ ಹಿಡಿದು ವಾದಿಸಿದನು. ನೋಡಿ, ಪರೀಕ್ಷೆಯಲ್ಲಿ ಒಂದು ತಪ್ಪು ಸೇರಿದರೆ ಏನಾಗುತ್ತದೆ! ನ್ಯಾಯ ಒಂದು ಪಕ್ಷದಲ್ಲಿದ್ದರೂ ತಪ್ಪಿಸಿಕೊಳ್ಳುವ ಸಂದು ಇನ್ನೊಂದು ಪಕ್ಷಕ್ಕೆ ದೊರೆಯುತ್ತದೆ. ಒಳ್ಳೆಯ ಉದ್ದೇಶ ಕೆಟ್ಟ ಅಳತೆಯನ್ನು ಒಳ್ಳೆಯದಾಗಿ ಮಾಡಲಾರದು.

ಇನ್ನು ಜೆಲಟಿನ್ನಿನ ವಿಚಾರ. ಪ್ರಾಣಿಗಳ ಚರ್ಮದಲ್ಲಿಯೂ ಮೂಳೆಯಲ್ಲಿಯೂ ಇರುವ ಕೊಲ್ಯಾಜೆನ್ ಎಂಬ ನಾರಿನಿಂದ ಅದನ್ನು ತೆಗೆಯುತ್ತಾರೆ. ಈ ನಾರಿನ ಅಣುರಚನೆ ಹೇಗಿದೆಯೆಂಬುದನ್ನು ೧೯೫೪-೫೫ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು ತೋರಿಸಿಕೊಟ್ಟರು. ರಾಮಚಂದ್ರನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿ ಬೆಳೆದವರೆಂಬುದು ನಾವು ಹೆಮ್ಮೆ ಪಡತಕ್ಕ ಸಂಗತಿ. ಹೆಣ್ಣುಮಕ್ಕಳ ಜಡೆಯಲ್ಲಿ ಮೂರು ಕಾಲುಗಳು ಒಂದನ್ನೊಂದು ಸುತ್ತಿಕೊಂಡಿರುವಂತೆ ಕೊಲ್ಯಾಜೆನ್ನಿನಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ. ಚರ್ಮವನ್ನೋ ಮೂಳೆಯನ್ನೋ ಸಂಸ್ಕರಿಸಿ ಬಿಸಿನೀರಿನಲ್ಲಿ ಬೇಯಿಸಿದಾಗ ಜಡೆ ಬಿಚ್ಚಿ ಎಳೆಗಳು ಬೇರೆಯಾಗುತ್ತವೆ, ಅದೇ ಜೆಲಟಿನ್. ಕರಗಿದ ಜೆಲಟಿನ್ ತಣ್ಣಗಾಗುವಾಗ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು, ನೀರನ್ನು ತಮ್ಮ ಬಲೆಯಲ್ಲಿ ಹಿಡಿದಿಡುತ್ತವೆ. ಆದುದರಿಂದಲೇ ನೂರಕ್ಕೆ ತೊಂಬತ್ತು ಪಾಲು ನೀರಾಗಿದ್ದರೂ ಆ ಮುದ್ದೆ ಹರಿದು ಹೋಗದೆ ದಿಮ್ಮಿಯಾಗಿ ನಿಲ್ಲುತ್ತದೆ. ನಮ್ಮ ಮಾಂಸಖಂಡಗಳಲ್ಲಿಯೂ ಬಹುಪಾಲು ನೀರೇ. ಹೀಗಾಗಿ ಗುಂಡಿಗೆ ಅದು ಒಡ್ಡುವ ತಡೆ ಮಾಂಸಖಂಡದ ತಡೆಯನ್ನು ಹೋಲುತ್ತದೆ.

ಮಾಡುವ ಕ್ರಮ ಕೇಳಲು ಸುಲಭ. ತೂಕದಲ್ಲಿ ಒಂದು ಪಾಲು ಜೆಲಟಿನ್ ಪುಡಿಗೆ ಒಂಬತ್ತು ಪಾಲು ನೀರು. ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಹಾಕಿ, ಪ್ರತಿಯೊಂದು ಕಣವೂ ನೀರು ಕುಡಿದು ಉಬ್ಬುವವರೆಗೆ ಎರಡು ಗಂಟೆಯಷ್ಟು ಕಾಲ ಬಿಡಬೇಕು. ಒಮ್ಮೆಲೇ ಬಿಸಿನೀರಿಗೆ ಸುರಿದರೆ ರಾಗಿಹಿಟ್ಟಿನಲ್ಲಿ ಗಂಟು ಕಟ್ಟುವಂತೆ ಕಟ್ಟುತ್ತದೆ. ಆಮೇಲೆ ಪಾತ್ರೆಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು ನಿಧಾನವಾಗಿ ಕರಗಿಸಬೇಕು. ಮಿಶ್ರಣದ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟಬಾರದು. ದಾಟಿದರೆ ಎಳೆಗಳು ತುಂಡಾಗುತ್ತ ಹೋಗಿ ದಿಮ್ಮಿ ಬಲಗುಂದುತ್ತದೆ. ಬೂಷ್ಟು ಹಿಡಿಯದಂತೆ ದಾಲ್ಚಿನ್ನಿ ಎಣ್ಣೆಯ ಕೆಲವು ತೊಟ್ಟುಗಳನ್ನು ಬೆರೆಸುವುದುಂಟು. ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ, ಒಳಗೂ ಹೊರಗೂ ಒಂದೇ ಸಮನಾಗಿ ೪ ಡಿಗ್ರಿಗೆ ಬರುವವರೆಗೆ ತಂಪುಪೆಟ್ಟಿಗೆಯಲ್ಲಿ ಒಂದೆರಡು ದಿನ ಇಡಬೇಕು. ಹೊರಗೆ ತೆಗೆದ ಮೇಲೆ ಅರ್ಧ ಗಂಟೆಯೊಳಗಾಗಿ ಪರೀಕ್ಷೆ ಮುಗಿಯಬೇಕು. ತಡವಾದರೆ ದಿಮ್ಮಿ ಮೆತ್ತಗಾಗಿ ಸುಳ್ಳು ಹೇಳತೊಡಗುತ್ತದೆ.

ಪುಸ್ತಕದ ಮಾತನ್ನು ನಂಬಿ ಸುಮ್ಮನಿರಲು ಮನಸ್ಸಾಗದೆ, ಬೇಕರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಿಂದ ಸ್ವಲ್ಪ ಜೆಲಟಿನ್ ತಂದು ಎರಡು ಬಟ್ಟಲುಗಳಲ್ಲಿ ನಾನೂ ಮಾಡಿ ನೋಡಿದೆ. ಒಂದನ್ನು ಹದವಾದ ಬಿಸಿಯಲ್ಲಿ ಕರಗಿಸಿದೆ; ಇನ್ನೊಂದನ್ನು ಬೇಕೆಂದೇ ಬಹಳ ಹೊತ್ತು ಕುದಿಸಿ, ಆರಿಹೋದ ನೀರಿನಷ್ಟೇ ನೀರನ್ನು ಮತ್ತೆ ಸೇರಿಸಿದೆ. ರಾತ್ರಿಯೆಲ್ಲ ತಂಪಿನಲ್ಲಿಟ್ಟು ಬೆಳಿಗ್ಗೆ ನೋಡಿದರೆ ಎರಡೂ ಅವಳಿ ಮಕ್ಕಳಂತೆ ಕಂಡವು. ಅದೇ ಬಣ್ಣ, ಅದೇ ಹೊಳಪು, ಅಲುಗಿಸಿದರೆ ಅದೇ ಕುಲುಕು. ಒಂದು ಗಾಜಿನ ಗೋಲಿಯನ್ನು ಒಂದೇ ಎತ್ತರದಿಂದ ಎರಡರ ಮೇಲೂ ಬಿಟ್ಟೆ. ಮೊದಲನೆಯದರ ಮೇಲೆ ಅದು ಪುಟಿದು ನಿಂತಿತು. ಎರಡನೆಯದರಲ್ಲಿ ಅರ್ಧ ಹೂತುಹೋಯಿತು. ಕಣ್ಣಿಗೆ ಒಂದೇ ಆಗಿ ಕಂಡುದು ಗೋಲಿಗೆ ಬೇರೆ ಬೇರೆಯಾಗಿತ್ತು. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯ ಅರ್ಥ ನನಗೆ ಅಂದು ಮನವರಿಕೆಯಾಯಿತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ದಿಮ್ಮಿ ಸಿದ್ಧವಾದೊಡನೆ ಬಲ್ಲವರು ಅದಕ್ಕೆ ಪರೀಕ್ಷಿಸಬೇಕಾದ ಗುಂಡನ್ನು ಹಾರಿಸುವುದಿಲ್ಲ. ಮೊದಲು ಹವಾಬಂದೂಕಿನಿಂದ, ನಾಲ್ಕೂವರೆ ಮಿಲಿಮೀಟರ್ ಅಡ್ಡಗಲದ ಒಂದು ಉಕ್ಕಿನ ಗೋಲಿಯನ್ನು ಸೆಕೆಂಡಿಗೆ ೫೯೦ ಅಡಿಗಳ, ಎಂದರೆ ಸುಮಾರು ೧೮೦ ಮೀಟರುಗಳ ವೇಗದಲ್ಲಿ ಹೊಡೆಯುತ್ತಾರೆ. ಅದು ದಿಮ್ಮಿಯೊಳಗೆ ೮.೫ ಸೆಂಟಿಮೀಟರ್ ಹೋಗಿ ನಿಲ್ಲಬೇಕು. ಆ ಕಡೆ ಈ ಕಡೆ ಒಂದು ಸೆಂಟಿಮೀಟರ್ ವ್ಯತ್ಯಾಸವಾದರೆ ಕ್ಷಮ್ಯ. ಅದಕ್ಕಿಂತ ಹೆಚ್ಚಾದರೆ ಎರಡು ದಿನದ ಶ್ರಮವೆಲ್ಲ ವ್ಯರ್ಥವೆಂದು ತಿಳಿದು ಆ ದಿಮ್ಮಿಯನ್ನು ಕರಗಿಸಬೇಕು. ಹೀಗೆ ಗುಂಡನ್ನು ಪರೀಕ್ಷಿಸುವ ಮೊದಲು ದಿಮ್ಮಿಯೇ ಪರೀಕ್ಷೆಗೆ ಒಳಗಾಗುತ್ತದೆ. ನಮ್ಮ ಅಂಗಡಿಗಳ ತೂಕದ ಬಟ್ಟುಗಳಿಗೆ ಸರ್ಕಾರದವರು ಮುದ್ರೆ ಒತ್ತುವುದಿಲ್ಲವೇ? ಅಳೆಯುವುದಕ್ಕೆ ಮುಂಚೆ ಅಳತೆಗೋಲನ್ನು ಅಳೆಯಬೇಕು. ನಾನು ಹೇಳಬೇಕೆಂದಿರುವ ಮಾತು ಇಷ್ಟೇ: ಆ ಸಣ್ಣ ಉಕ್ಕಿನ ಗೋಲಿಯ ಪರೀಕ್ಷೆ ನಡೆದಿದ್ದರೆ ಮುಂದಿನದು ಜ್ಞಾನ, ನಡೆಯದಿದ್ದರೆ ಮುಂದಿನದೆಲ್ಲ ಬರಿಯ ಆಟ.

ಈ ಹತ್ತು ಪಾಲಿನ, ನಾಲ್ಕು ಡಿಗ್ರಿಯ ಕ್ರಮಕ್ಕೆ ಪ್ರಸಿದ್ಧಿ ತಂದವನು ಅಮೆರಿಕದ ಮಾರ್ಟಿನ್ ಫ್ಯಾಕ್ಲರ್. ಇವನು ವಿಯೆಟ್ನಾಮ್ ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ ಶಸ್ತ್ರವೈದ್ಯ, ೧೯೮೧ರಿಂದ ೧೯೯೧ರವರೆಗೆ ಸಾನ್‌ಫ್ರಾನ್ಸಿಸ್ಕೋದ ಸೈನಿಕ ಸಂಶೋಧನ ಸಂಸ್ಥೆಯಲ್ಲಿ ಗುಂಡಿನ ಗಾಯಗಳ ಪ್ರಯೋಗಶಾಲೆಯನ್ನು ನಡೆಸಿದವನು, ೨೦೧೫ರಲ್ಲಿ ತೀರಿಕೊಂಡನು. ಅವನ ಕಾಲದಲ್ಲಿ ವೈದ್ಯರಲ್ಲಿ ಒಂದು ನಂಬಿಕೆ ಬೇರೂರಿತ್ತು. ಗುಂಡಿನ ವೇಗ ಹೆಚ್ಚಾಗಿದ್ದರೆ ಅದರ ಸುತ್ತಲಿನ ಮಾಂಸವೆಲ್ಲ ಸತ್ತಂತೆಯೇ, ಆದುದರಿಂದ ವಿಶಾಲವಾಗಿ ಕತ್ತರಿಸಿ ತೆಗೆಯಬೇಕು ಎಂಬುದೇ ಆ ನಂಬಿಕೆ. ವೇಗವೊಂದೇ ಗಾಯವನ್ನು ನಿರ್ಣಯಿಸುವುದಿಲ್ಲ, ಗುಂಡು ಮಗುಚಿತೇ, ಒಡೆಯಿತೇ, ಯಾವ ಆಳದಲ್ಲಿ ಎಂಬುದು ಮುಖ್ಯ ಎಂದು ಫ್ಯಾಕ್ಲರ್ ದಿಮ್ಮಿಗಳ ಆಧಾರದಿಂದ ವಾದಿಸಿದನು. ಗುಂಡು ಸಾಗುವಾಗ ಕ್ಷಣಕಾಲ ಹಿಗ್ಗುವ ಪೊಳ್ಳು ಬೇರೆ, ಮಾಂಸ ನಿಜವಾಗಿ ನಜ್ಜುಗುಜ್ಜಾದ ಜಾಡು ಬೇರೆ. ಹಿಗ್ಗಿದ ಮಾಂಸ ಬಹಳ ಸಲ ಮತ್ತೆ ತನ್ನ ಸ್ಥಿತಿಗೆ ಬರುತ್ತದೆ. ಇದನ್ನು ಅರಿತ ವೈದ್ಯನ ಕತ್ತಿ ಅನಾವಶ್ಯಕವಾಗಿ ಕಾಲನ್ನೋ ತೋಳನ್ನೋ ಕೊಯ್ಯಲಾರದು. ಕೊಲ್ಲುವ ವಸ್ತುವಿನ ಅಳತೆ ಉಳಿಸುವ ಕೈಗೆ ನೆರವಾದ ಬಗೆ ಹೀಗೆ.

ಆದರೆ ದಿಮ್ಮಿ ಸರಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೇ? ಇಲ್ಲ. ೧೯೭೦ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಶೋಧಕರು ಪೊಲೀಸರ ಗುಂಡುಗಳಿಗೆ ಅಂಕ ಕೊಡುವ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಜೆಲಟಿನ್ ದಿಮ್ಮಿಗೇ ಹಾರಿಸಿದರು, ಗಣಕಯಂತ್ರದಿಂದ ಲೆಕ್ಕ ಹಾಕಿದರು. ಆದರೆ ಅವರು ಬೆಲೆ ಕೊಟ್ಟದ್ದು ಆ ಕ್ಷಣಕಾಲದ ಪೊಳ್ಳಿಗೆ. ಗುಂಡು ಎಷ್ಟು ಆಳಕ್ಕೆ ಹೋಗುತ್ತದೆಂಬುದು ಹಿಂದೆ ಬಿತ್ತು. ೧೯೮೬ರ ಏಪ್ರಿಲ್ ೧೧ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಕೇಂದ್ರ ತನಿಖಾ ಇಲಾಖೆಯ ಎಂಟು ಮಂದಿಗೂ ಕಾಳಗವಾಯಿತು. ಇಲಾಖೆಯವರು ಹಾರಿಸಿದ ಒಂದು ಗುಂಡು ದರೋಡೆಕೋರನೊಬ್ಬನ ತೋಳನ್ನು ಹಾದು ಎದೆಯನ್ನು ಹೊಕ್ಕು, ಹೃದಯವನ್ನು ತಲುಪುವ ಮೊದಲೇ ನಿಂತುಬಿಟ್ಟಿತು. ಅವನು ಕಾದಾಟವನ್ನು ನಿಲ್ಲಿಸಲಿಲ್ಲ. ಇಲಾಖೆಯ ಇಬ್ಬರು ಮಡಿದರು, ಐವರು ಗಾಯಗೊಂಡರು. ೧೯೮೭ರಲ್ಲಿ ತಜ್ಞರ ಸಭೆ ಸೇರಿತು. ಆಮೇಲೆ ಆ ಇಲಾಖೆ ಹೊಸ ಕ್ರಮವನ್ನು ಗೊತ್ತುಪಡಿಸಿತು. ಹದ ನೋಡಿದ ದಿಮ್ಮಿಯಲ್ಲಿ ಗುಂಡು ಕಡಿಮೆಯೆಂದರೆ ೧೨ ಅಂಗುಲ ಹೋಗಬೇಕು, ೧೮ ಅಂಗುಲವನ್ನು ಮೀರಬಾರದು. ಬರಿಯ ದಿಮ್ಮಿಯಲ್ಲದೆ ಬಟ್ಟೆ, ಹಲಗೆ, ತಗಡು, ಮೋಟಾರಿನ ಗಾಜು ಇವುಗಳನ್ನು ಅಡ್ಡವಿಟ್ಟೂ ನೋಡಬೇಕು. ಹಿಂದಿನ ಪಟ್ಟಿಯಲ್ಲಿ ಜೆಲಟಿನ್ ಸುಳ್ಳು ಹೇಳಿರಲಿಲ್ಲ. ಕೇಳಿದವರು ತಪ್ಪು ಪ್ರಶ್ನೆ ಕೇಳಿದ್ದರು. ಅದಕ್ಕೆ ತೆತ್ತ ಬೆಲೆಯಲ್ಲಿ ಮನುಷ್ಯಪ್ರಾಣವೂ ಸೇರಿತ್ತು.

ಮನೆಯಲ್ಲಿಯೇ ದಿಮ್ಮಿ ಮಾಡುವ ಹವ್ಯಾಸಿಗಳ ವಿಷಯದಲ್ಲಿ ಎರಡು ಮಾತು. ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರಯೋಗಶಾಲೆಯ ಗೋಡೆಗಳೇ ಜ್ಞಾನವನ್ನು ಹುಟ್ಟಿಸುವುದಿಲ್ಲ. ಅಡಿಗೆಮನೆಯ ಪಾತ್ರೆ, ಒಂದು ಉಷ್ಣಮಾಪಕ, ಒಂದು ತಕ್ಕಡಿ, ತಾಳ್ಮೆಯುಳ್ಳ ಒಬ್ಬ ಮನುಷ್ಯ ಇಷ್ಟಿದ್ದರೆ ಸರ್ಕಾರದ ಪ್ರಯೋಗಶಾಲೆಯ ಫಲಿತಾಂಶವನ್ನು ತಾಳೆ ನೋಡಬಹುದಾದರೆ ಅದು ಪ್ರಜಾಪ್ರಭುತ್ವಕ್ಕೆ ಶೋಭೆಯೇ ಸರಿ. ಕಾರ್ಖಾನೆಯವನು ತನ್ನ ಜಾಹೀರಾತಿನಲ್ಲಿ ಹೇಳಿಕೊಂಡಿದ್ದನ್ನು ಕೊಳ್ಳುವವನು ತಾನೇ ಪರೀಕ್ಷಿಸುತ್ತಾನೆ. ಆದರೆ ಈ ಹವ್ಯಾಸಿಗಳಲ್ಲಿ ಇನ್ನೊಂದು ಬಗೆಯವರೂ ಇದ್ದಾರೆ. ಅವರಿಗೆ ಉಕ್ಕಿನ ಗೋಲಿ ಬೇಡ, ಉಷ್ಣಮಾಪಕ ಬೇಡ. ಗುಂಡು ತಗುಲಿದಾಗ ದಿಮ್ಮಿ ಉಬ್ಬಿ ನೆಗೆಯುವ ಚಿತ್ರ ಚೆನ್ನಾಗಿ ಬಂದರೆ ಸಾಕು. ಈಚೆಗೆ ಖನಿಜ ತೈಲದಿಂದ ಮಾಡಿದ, ಗಾಜಿನಂತೆ ತಿಳಿಯಾದ ಕೃತಕ ದಿಮ್ಮಿಗಳೂ ಬಂದಿವೆ. ಅವಕ್ಕೆ ತಂಪುಪೆಟ್ಟಿಗೆ ಬೇಡ, ಬೂಷ್ಟು ಹಿಡಿಯುವುದಿಲ್ಲ, ಕರಗಿಸಿ ಮತ್ತೆ ಮತ್ತೆ ಬಳಸಬಹುದು, ನೋಟಕ್ಕೆ ಬಹು ಸೊಗಸು. ಆದರೆ ಅವು ಗುಂಡಿಗೆ ಒಡ್ಡುವ ತಡೆ ಜೆಲಟಿನ್ನಿನದರಂತೆಯೇ ಇರುವುದಿಲ್ಲ. ಒಂದರ ಅಂಗುಲವನ್ನು ಇನ್ನೊಂದರ ಅಂಗುಲಕ್ಕೆ ಹೋಲಿಸುವುದು ಸೇರಿನ ಲೆಕ್ಕವನ್ನು ಪಾವಿನ ಲೆಕ್ಕಕ್ಕೆ ಬೆರೆಸಿದಂತೆ. ಸೊಗಸಾಗಿ ಕಾಣುವುದೆಲ್ಲ ಸತ್ಯವೆಂದು ಭ್ರಮಿಸುವ ಕಾಲದಲ್ಲಿ ಈ ಎಚ್ಚರ ಅಗತ್ಯ.

ನನ್ನ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ಗಾಂಧೀಜಿಯವರ ನಾಡಿನಲ್ಲಿ ಗುಂಡಿನ ಪರೀಕ್ಷೆಯನ್ನು ಹೊಗಳುವುದುಂಟೇ ಎಂಬುದು ಮೊದಲನೆಯದು. ನಾನು ಹೊಗಳುತ್ತಿರುವುದು ಗುಂಡನ್ನಲ್ಲ. ಗುಂಡುಗಳೇ ಇಲ್ಲದ ಲೋಕ ಬಂದರೆ ಎಲ್ಲರಿಗಿಂತ ಮೊದಲು ಸಂತೋಷಪಡುವವರಲ್ಲಿ ನಾನೊಬ್ಬ. ಅದು ಬರುವ ತನಕ ಗುಂಡು ಏನು ಮಾಡುತ್ತದೆಂಬುದನ್ನು ಅರಿಯದಿರುವುದು ಅಹಿಂಸೆಯಲ್ಲ, ಅಜ್ಞಾನ. ಡಂಡಂ ಗುಂಡನ್ನು ನಿಷೇಧಿಸಬೇಕೆಂದವರಿಗೂ ಅದು ಏನು ಮಾಡುತ್ತದೆಂಬ ಜ್ಞಾನವೇ ಬೇಕಾಗಿತ್ತು. ಜೆಲಟಿನ್ ಸಹ ಪ್ರಾಣಿಗಳ ಚರ್ಮ ಮೂಳೆಗಳಿಂದಲೇ ಬಂದುದಲ್ಲವೇ, ಹಿಂಸೆ ತಪ್ಪಿತೆಲ್ಲಿ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ, ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಜೀವಂತ ದನಕ್ಕೆ ಗುಂಡು ಹೊಡೆದು ಗಡಿಯಾರ ನೋಡುವುದಕ್ಕೂ ಚರ್ಮದ ಉದ್ಯಮದ ಉಳಿಕೆಯಿಂದ ಅಂಟು ತೆಗೆಯುವುದಕ್ಕೂ ಅಂತರವುಂಟೆಂದು ಮಾತ್ರ ಹೇಳಬಲ್ಲೆ. ಅಂತರ ದೊಡ್ಡದೇ, ಆದರೆ ಅದು ಸೊನ್ನೆಯಲ್ಲ ಎಂಬುದನ್ನು ಮರೆಯಬಾರದು.

ಮತ್ತೊಂದು ಮಿತಿಯನ್ನೂ ಒಪ್ಪಿಕೊಳ್ಳಬೇಕು. ದಿಮ್ಮಿಗೆ ಮೂಳೆಯಿಲ್ಲ, ಚರ್ಮವಿಲ್ಲ, ಶ್ವಾಸಕೋಶವಿಲ್ಲ. ಭಯವಿಲ್ಲ, ಮನೆಯಲ್ಲಿ ಕಾದಿರುವ ತಾಯಿಯಿಲ್ಲ. ಅದು ಮನುಷ್ಯನ ಪ್ರತಿನಿಧಿಯಲ್ಲ. ಅವನ ಮಾಂಸಖಂಡದ ಒಂದು ಗುಣಕ್ಕೆ ಮಾತ್ರ ಪ್ರತಿನಿಧಿ. ಹನ್ನೆರಡು ಅಂಗುಲ ಎಂದು ಬರೆಯುವಾಗ ಬರೆಯುವವನ ಕೈ ಕ್ಷಣಕಾಲ ತಡೆದರೆ ಒಳ್ಳೆಯದು. ಆ ಅಂಗುಲಗಳು ಯಾರ ಅಂಗುಲಗಳೆಂಬುದನ್ನು ನೆನೆಯುವುದು ವಿಜ್ಞಾನಕ್ಕೆ ಅಡ್ಡಿಯಾಗಲಾರದು. ಇದನ್ನು ನೆನಪಿಸುವ ಕೆಲಸ ಬಹುಶಃ ನಮ್ಮಂಥ ಕಲಾ ವಿಭಾಗದವರ ಪಾಲಿನದು.

ಇಷ್ಟೆಲ್ಲ ಬರೆದ ಮೇಲೆ ನನ್ನ ಸ್ವಂತ ದಿಮ್ಮಿಯ ವಿಷಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆಂದು ಐವತ್ತು ಮನೆಗಳ ಆದಾಯ ವೆಚ್ಚಗಳನ್ನು ವಿಚಾರಿಸಿ ಬರೆಯುವ ಪ್ರಶ್ನಾವಳಿ ನನಗೆ ದೊರೆಯಿತು. ಮೂವತ್ತೊಂದು ಮನೆಗಳಿಗೆ ಹೋದೆ. ಬಿಸಿಲು ಜೋರಾಗಿತ್ತು, ದಿನಗಳು ಕಡಿಮೆಯಿದ್ದವು. ಮಿಕ್ಕ ಹತ್ತೊಂಬತ್ತನ್ನು ಕೊಠಡಿಯಲ್ಲಿ ಕುಳಿತು ತುಂಬಿದೆ. ನಕ್ಷೆಗಳು ಅಂದವಾಗಿ ಬಂದವು. ಒಳ್ಳೆಯ ಅಂಕಗಳೂ ಬಂದವು. ಜೆಲಟಿನ್ನಿನ ಎರಡು ಬಟ್ಟಲುಗಳನ್ನು ನೋಡಿದ ದಿನ ಹಳೆಯ ಹಾಳೆಗಳನ್ನು ತೆಗೆದು ನೋಡಿದೆ. ನಾನು ಹೋಗಿದ್ದ ಮನೆಗಳ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ. ಒಂದು ಮನೆಯ ಮುದುಕಿಗೆ ತನ್ನ ಮಗ ಎಷ್ಟು ಕಳುಹಿಸುತ್ತಾನೆಂಬುದೇ ಗೊತ್ತಿಲ್ಲ. ಮತ್ತೊಂದು ಮನೆಯಲ್ಲಿ ವೆಚ್ಚ ಆದಾಯದ ಎರಡರಷ್ಟಿದೆ. ನಾನು ಕಟ್ಟಿದ ಹತ್ತೊಂಬತ್ತು ಮನೆಗಳಲ್ಲಿ ಎಲ್ಲವೂ ಸರಾಗ. ಅಲ್ಲಿ ಯಾರಿಗೂ ಕಾಯಿಲೆಯಿಲ್ಲ, ಒಬ್ಬರೂ ಸಾಲಗಾರರಲ್ಲ. ಕುದಿಸಿದ ಬಟ್ಟಲಿನಂತೆ ಅವು ಹೊಳೆಯುತ್ತಿದ್ದವು. ಯಾರೂ ಗೋಲಿ ಬಿಟ್ಟು ನೋಡಿರಲಿಲ್ಲ, ಅಷ್ಟೆ.

ನನ್ನಂತೆ ಮಾಡಿದವರು ಇನ್ನೂ ಕೆಲವರಿದ್ದಾರೆಂದು ನಾನು ಬಲ್ಲೆ. ಅವರನ್ನು ದೂರುವ ಹಕ್ಕು ನನಗಿಲ್ಲ. ಇಂದು ನಾವು ಕಲ್ಪಿಸಿದ ಹತ್ತೊಂಬತ್ತು ಮನೆಗಳಿಂದ ಯಾರಿಗೂ ಪ್ರಾಣಾಪಾಯವಾಗದಿರಬಹುದು. ಆದರೆ ನಾಳೆ ನಮ್ಮಲ್ಲಿಯೇ ಕೆಲವರು ಗುಮಾಸ್ತರಾಗಿ, ಅಧಿಕಾರಿಗಳಾಗಿ, ಉಪಾಧ್ಯಾಯರಾಗಿ ನಿಜವಾದ ಮನೆಗಳ ಲೆಕ್ಕ ಬರೆಯುವವರು. ಸಾಲಗಾರನಿಲ್ಲದ ಊರೆಂದು ಹಾಳೆಯ ಮೇಲೆ ಬರೆದರೆ ಆ ಊರಿಗೆ ಸಾಲಪರಿಹಾರ ಬರುವುದಾದರೂ ಎಲ್ಲಿಂದ?

ಆದುದರಿಂದ ಅಧ್ಯಾಪಕ ಮಹಾಶಯರಲ್ಲಿ ನನ್ನದೊಂದು ವಿನಂತಿ. ಕ್ಷೇತ್ರಕಾರ್ಯದ ಹಾಳೆಗಳು ಬಂದಾಗ ಅಂಕ ಹಾಕುವ ಮೊದಲು, ಹತ್ತು ಮನೆಗಳಲ್ಲಿ ಒಂದಕ್ಕೆ ಬೇರೊಬ್ಬ ವಿದ್ಯಾರ್ಥಿಯನ್ನು ಕಳುಹಿಸಿ ಅದೇ ಪ್ರಶ್ನೆಗಳನ್ನು ಕೇಳಿಸಬೇಕು. ಐವತ್ತಕ್ಕೆ ಐದು ಮನೆಗಳು. ಒಂದು ಸಂಜೆಯ ಕೆಲಸ. ಎರಡೂ ಹಾಳೆಗಳು ತಕ್ಕಮಟ್ಟಿಗೆ ಹೊಂದಿದರೆ ಉಳಿದುದನ್ನು ಓದಬಹುದು. ಹೊಂದದಿದ್ದರೆ ನಕ್ಷೆ ಎಷ್ಟೇ ಅಂದವಾಗಿದ್ದರೂ ಆ ದಿಮ್ಮಿಯನ್ನು ಕರಗಿಸಿ ಮತ್ತೆ ಮಾಡಿಸಬೇಕು. ಪೂರ್ತಿ ಐವತ್ತು ಮನೆಗಳಿಗೆ ಹೋಗಲಾಗದವನು ಮೂವತ್ತೊಂದು ಎಂದೇ ಬರೆದು ಕೊಟ್ಟರೆ ಅವನ ಅಂಕಗಳನ್ನು ಕಳೆಯದಿರುವ ಔದಾರ್ಯವನ್ನೂ ತೋರಬೇಕು.

ಈ ಕ್ರಮ ಬಂದರೆ ಮೊದಲ ಐದು ಮನೆಗಳನ್ನು ನನ್ನ ಹಾಳೆಗಳಿಂದಲೇ ಆರಿಸಿಕೊಳ್ಳಬಹುದು. ಯಾವ ಹತ್ತೊಂಬತ್ತೆಂಬುದನ್ನು ಕೆಂಪು ಶಾಯಿಯಿಂದ ಗುರುತು ಮಾಡಿ ನಮ್ಮ ಅಧ್ಯಾಪಕರಿಗೆ ಒಪ್ಪಿಸಿದ್ದೇನೆ. ಬರುವ ರಜೆಯಲ್ಲಿ ಆ ಮನೆಗಳಿಗೆ ಹೋಗುವವನಿದ್ದೇನೆ.